ಸೀನಿಯರ್ ಕೈಗೆ ಕೊಟ್ಟ ನೋಟಿಸ್

ಟ್ರ್ಯಾಕ್ಟರಿನ ಮುಂದಿನ ಚಕ್ರಕ್ಕೂ ನನ್ನ ಕಾಲಿಗೂ ಒಂದು ಮೊಳ ಅಂತರವಿತ್ತು. ಇದನ್ನು ಹೇಳಿದಾಗಲೆಲ್ಲ ನನ್ನ ತಮ್ಮ, "ಒಂದು ಮೊಳ ಇತ್ತಲ್ಲ, ಬುಡಕ್ಕ" ಅನ್ನುತ್ತಾನೆ. ಅವನಿಗೆ ಅದು ಮುಗಿದ ಮಾತು. ನನಗೆ ಬಸ್ಸಿನಲ್ಲಿ ಕೂತಾಗ, ತಲೆ ಬಾಚುವಾಗ, ಆ ಚಕ್ರ ಮತ್ತೆ ಹೊರಟು ಬರುತ್ತದೆ.

ನಾನು ಪಾವಗಡದ ತೆಲುಗು ಸೀಮೆಯವಳು, ಬಲಸಮುದ್ರದ ಕಡೆ. ಅಪ್ಪನದು ಸೈಕಲ್ ಷಾಪು. ತುಮಕೂರಿನಲ್ಲಿ ಕಾನೂನು ಓದಿ ಮುಗಿಸಿ, ಮಧುಗಿರಿಯಲ್ಲಿ ಹಿರಿಯ ವಕೀಲರೊಬ್ಬರ ಬಳಿ ಜೂನಿಯರ್ ಆಗಿ ಸೇರಿದೆ. ಅಲ್ಲಿನ ಜೂನಿಯರ್‌ಗಳಲ್ಲಿ ಹೆಚ್ಚಿನವರಿಗೆ ಅಪ್ಪನೋ ಮಾವನೋ ವಕೀಲರು. ಅವರಿಗೆ ಕಕ್ಷಿದಾರರು ಮನೆಯಿಂದಲೇ ಬರುತ್ತಿದ್ದರು. ಎರಡು ವರ್ಷ ನನ್ನ ಪಾಲಿಗೆ ಬಂದದ್ದು ಮುಂದಿನ ದಿನಾಂಕ ಬೇಡುವ ಕೆಲಸ ಮಾತ್ರ. "ಏನಮ್ಮಾ ಪಾವಗಡ, ಜಡ್ಜ್ ಮುಂದೆ ಏಮಂಡಿ ಅಂದ್ಬುಟ್ಟೀಯ, ಹುಷಾರು" ಎಂದು ಓರಗೆಯವರು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಜಮೀನಿನ ತಕರಾರಿನಲ್ಲಿ ಸ್ಥಳ ನೋಡಿ ವರದಿ ಕೊಡಲು ಕೋರ್ಟು ಕಿರಿಯ ವಕೀಲರೊಬ್ಬರನ್ನು ಕಮಿಷನರ್ ಆಗಿ ನೇಮಿಸುತ್ತದೆ. ವರದಿ ಚೆನ್ನಾಗಿದ್ದರೆ ನ್ಯಾಯಾಧೀಶರಿಗೆ ಮುಖ ನೆನಪಿರುತ್ತದೆ. ದೊಡ್ಡೇರಿ ಹತ್ತಿರದ ಒಂದು ಬಂಡಿದಾರಿ ವ್ಯಾಜ್ಯದಲ್ಲಿ ನನ್ನ ಸೀನಿಯರ್ ಎದ್ದು ನಿಂತು ನನ್ನ ಹೆಸರು ಸೂಚಿಸಿದರು. ವ್ಯಾಜ್ಯ ಅವರದಲ್ಲ. "ಈಕೆಗೆ ಈ ಊರಲ್ಲಿ ನೆಂಟರಿಲ್ಲ ಸ್ವಾಮಿ, ಯಾರ ಕಡೆಯವಳೂ ಅಲ್ಲ" ಅಂದರು. ಎರಡೂ ಕಡೆಯವರು ಒಪ್ಪಿದರು. ಊರಿಗೆ ಫೋನ್ ಮಾಡಿದೆ. ಅಪ್ಪ ಷಾಪಿನಲ್ಲಿದ್ದವರಿಗೆಲ್ಲ ಟೀ ಕೊಡಿಸಿದರಂತೆ.

ಸ್ಥಳಕ್ಕೆ ಹೋಗುವ ಮುಂಚೆ ಎರಡೂ ಕಡೆಗೆ ಲಿಖಿತ ನೋಟಿಸ್ ತಲುಪಿಸಬೇಕು. ಟೈಪ್ ಮಾಡಿಸಿ ಸಹಿ ಹಾಕಿದ್ದೆ. ಸೀನಿಯರ್ ಅದನ್ನು ಕೈಗೆತ್ತಿಕೊಂಡರು. "ಪ್ರತಿವಾದಿ ವಕೀಲರು ನನ್ ಪಕ್ಕದಲ್ಲೇ ಕೂರೋದು. ನಾನೇ ಕೊಡ್ತೀನಿ, ನೀನು ಹೊರಡಮ್ಮ." ತಲುಪಿದ್ದಕ್ಕೆ ಸಹಿ ಎಲ್ಲಿ ಸರ್ ಎಂದು ನಾನು ಕೇಳಬೇಕಿತ್ತು. ಅವರು ನನ್ನ ಕಾಗದವೊಂದನ್ನು ತಮ್ಮ ಕೈಯಾರೆ ಎತ್ತಿಕೊಂಡದ್ದು ಅದೇ ಮೊದಲು. ಸಹಿ ಕೇಳಿದರೆ ಅನುಮಾನಪಟ್ಟಂತಾಗುತ್ತದೆ ಅನ್ನಿಸಿತು.

ಬೆಳಿಗ್ಗೆ ಹನ್ನೊಂದಕ್ಕೆ ಅಳತೆಗೆ ಬಂದಿದ್ದವರು ನಾನು, ಸರ್ವೆಯರ್, ವಾದಿ, ಮೂವರೇ. ಸರ್ವೆಯರ್ ಟೇಪಿನ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು ಆಚೆ ಬದುವಿಗೆ ನಡೆದರು. ಆಗ ಪ್ರತಿವಾದಿ ಟ್ರ್ಯಾಕ್ಟರ್ ಓಡಿಸಿಕೊಂಡು ಬಂದ.

"ಕಳ್ಳರಂಗೆ ಬಂದು ಅಳೀತಿದೀರಾ? ಯಾರ್ನ ಕೇಳಿ ಟೇಪ್ ಹಿಡಿದ್ರಿ?"

"ನಿಮಗೆ ನೋಟಿಸ್ ಬಂದಿಲ್ವಾ?"

"ಯಾವ ನೋಟಿಸಮ್ಮ? ಯಾವನ್ ಕೊಟ್ಟ?"

ಸರ್ವೆಯರ್ ಟೇಪ್ ಬಿಸಾಕಿ ಓಡಿದರು. ನಾನು ಓಡಲಿಲ್ಲ. ಧೈರ್ಯದಿಂದಲ್ಲ, ಕೈಬಿಟ್ಟರೆ ಅಳತೆ ತಪ್ಪುತ್ತದೆ ಎಂಬ ಯೋಚನೆಯೊಂದೇ ತಲೆಯಲ್ಲಿತ್ತು. ಟ್ರ್ಯಾಕ್ಟರ್ ಟೇಪಿನ ಗುಂಟ ನನ್ನ ಕಡೆಗೇ ಬಂತು. ಹಿಂದಿನಿಂದ ಯಾರೋ ನನ್ನ ಕೋಟಿನ ಕತ್ತುಪಟ್ಟಿ ಹಿಡಿದು ಎಳೆದರು. ಪಕ್ಕದಲ್ಲಿ ಕಳೆ ತೆಗೆಯುತ್ತಿದ್ದ ಪ್ರತಿವಾದಿಯ ತಾಯಿ.

"ಲೇ, ನಿಲ್ಸಲಾ! ಯಾರ ಮನೆ ಮಗಳೋ ಏನೋ!" ಎಂದು ಮಗನಿಗೆ ಕೂಗಿ, ನನ್ನ ಕಡೆ ತಿರುಗಿ, "ನಿಂಗೇನು ಕಣ್ಣು ಕಾಣಾಕಿಲ್ವೇನಮ್ಮ? ಮರದಂಗೆ ನಿಂತಿದೀಯಲ್ಲ!" ಅಂದಳು.

ಎಂಜಿನ್ ನಿಂತಿತು. ಇಳಿದು ಬಂದವನು ತಾಯಿಯ ಪಕ್ಕ ಬದುವಿನ ಮೇಲೆ ಕುಕ್ಕರಿಸಿದ. ಆ ಮೌನದಲ್ಲಿ ಬದುವಿನ ಮೇಲೆ ನಿಂತಿದ್ದ ವಾದಿ ಫೋನಿನಲ್ಲಿ ಆಡುತ್ತಿದ್ದ ಮಾತು ಕೇಳಿಸಿತು. "ನೀವ್ ಹೇಳ್ದಂಗೇ ಆಯ್ತು ಭಾವ. ನುಗ್ಗಿಸ್ಕಂಡೇ ಬಂದ. ವಿಡಿಯೋ ಐತೆ."

ಆ ಭಾವ ಯಾರೆಂದು ಸಂಜೆ ಆಫೀಸಿಗೆ ಹೋದಾಗ ಗೊತ್ತಾಯಿತು. ವಾದಿ ಒಳಗೆ ಕಾಫಿ ಕುಡಿಯುತ್ತ ಕೂತಿದ್ದ. ಅವನು ನನ್ನ ಸೀನಿಯರ್ ಹೆಂಡತಿಯ ತಮ್ಮ. ಮೇಜಿನ ಮೇಲೆ, ಪೇಪರ್‌ವೇಟ್ ಕೆಳಗೆ, ನನ್ನ ನೋಟಿಸ್ ಮಡಿಕೆ ಬಿಚ್ಚದೆ ಹಾಗೇ ಇತ್ತು.

"ನೋಟಿಸ್ ಕೊಟ್ಟೆ, ಅವನು ತಗೊಳ್ಳಲಿಲ್ಲ ಅಂತ ವರದೀಲಿ ಬರಿ" ಅಂದರು ಸೀನಿಯರ್. "ಕಮಿಷನರ್ ಮೇಲೇ ಟ್ರ್ಯಾಕ್ಟರ್ ಹತ್ತಿಸೋಕೆ ಬಂದ ಅಂತ ಕೇಸ್ ಆಗುತ್ತೆ. ದಾರಿನೂ ಸಿಗುತ್ತೆ, ನಿನಗೆ ಹೆಸರೂ ಬರುತ್ತೆ."

"ನಾನು ಸತ್ತಿದ್ರೆ ಸರ್?"

"ಸಾಯ್ಲಿಲ್ವಲ್ಲಮ್ಮ" ಅಂದರು. ಗದರಲಿಲ್ಲ. ಸಕ್ಕರೆ ಸಾಕಾ ಎಂದು ಕೇಳುವ ದನಿ ಅದು.

ವರದಿಯಲ್ಲಿ ನಡೆದದ್ದನ್ನೇ ಬರೆದೆ. ಪ್ರತಿವಾದಿಗೆ ನೋಟಿಸ್ ತಲುಪಿಲ್ಲ ಎಂದು ಓದಿದ ನ್ಯಾಯಾಧೀಶರು ತಲೆಯೆತ್ತಿ, ಯಾರ ಕೈಗೆ ಕೊಟ್ಟಿದ್ದಿರಿ ಎಂದು ಕೇಳಿದರು.

"ನಮ್ಮ ಸೀನಿಯರ್ ಕೈಗೆ ಸ್ವಾಮಿ."

ಸೀನಿಯರ್ ನಿಧಾನವಾಗಿ ಎದ್ದರು. "ಹೊಸ ಹುಡುಗಿ ಸ್ವಾಮಿ, ಹೆದರಿದ್ದಾಳೆ. ನನ್ನ ಕೈಗೆ ಯಾವ ಕಾಗದವೂ ಬಂದಿಲ್ಲ." ನೋಟಿಸನ್ನು ಅವರ ಮೇಜಿನ ಮೇಲೇ ಬಿಟ್ಟು ಬಂದಿದ್ದೆ, ನನ್ನ ಬಳಿ ತೋರಿಸಲು ಏನೂ ಇರಲಿಲ್ಲ. ವರದಿ ತಿರಸ್ಕೃತವಾಯಿತು, ಬೇರೆ ಕಮಿಷನರ್ ನೇಮಕವಾಯಿತು. ಪ್ರತಿವಾದಿಯ ಮೇಲೆ ಕೇಸ್ ಆಗಲಿಲ್ಲ ಎಂಬುದಷ್ಟೇ ಉಳಿದ ಲಾಭ. ಅವನ ವಕೀಲರು ನನ್ನನ್ನು ದಾಟಿ ಹೋಗಿ ನನ್ನ ಸೀನಿಯರ್ ಜೊತೆ ಕ್ಯಾಂಟೀನಿಗೆ ನಡೆದರು.

ಹೋದ ವಾರ ಕೊರಟಗೆರೆಯ ವಕೀಲರೊಬ್ಬರಿಗೆ ಫೋನ್ ಮಾಡಿ, ಜೂನಿಯರ್ ಬೇಕೇ ಸರ್ ಎಂದು ಕೇಳಿದೆ. ಹೆಸರು ಕೇಳಿದರು, ಹೇಳಿದೆ.

"ಓಪನ್ ಕೋರ್ಟಲ್ಲಿ ಸೀನಿಯರ್‌ನ ಕಡೆಗೇ ಬೆರಳು ತೋರಿಸ್ಬುಟ್ಟ ಹುಡುಗಿ ನೀನೇನಮ್ಮ?"

"ಹೌದು ಸರ್."

"ನೀನು ಹೇಳಿದ್ದು ನಿಜಾನೇ ಅಂತ ನಮಗೂ ಗೊತ್ತು ಕಣಮ್ಮ" ಅಂದರು. ಆಮೇಲೆ, ಜಾಗ ಇಲ್ಲ ಅಂದರು.