ಬಿಳಿ ಬೆಕ್ಕಿನ ಕಿವಿ

ನಮ್ಮ ಮನೆಯ ಬಿಳಿ ಬೆಕ್ಕಿಗೆ ಬಿಸಿಲೆಂದರೆ ಹುಚ್ಚು. ವನಗೂರಿನ ನಮ್ಮ ತೋಟದಲ್ಲಿ ಬೆಳಗಿನ ಮಂಜು ಕರಗುವುದೇ ತಡ, ಕಾಫಿ ಒಣಗಿಸುವ ಕಣಕ್ಕೆ ಹೋಗಿ ಬೆಚ್ಚಗಿನ ಸಿಮೆಂಟಿನ ಮೇಲೆ ಮೈಚಾಚಿ ಮಲಗಿಬಿಡುತ್ತಿತ್ತು. ದೂರದಿಂದ ನೋಡಿದರೆ ಮಂಜಿನ ಒಂದು ತುಣುಕು ಹೋಗಲು ಮರೆತು ಅಲ್ಲೇ ಉಳಿದಂತಿರುತ್ತಿತ್ತು.

ಒಂದು ಫೆಬ್ರವರಿಯಲ್ಲಿ ಅದರ ಕಿವಿಗಳ ತುದಿ ಕೆಂಪಾದವು. ಯಾವುದೋ ಗಂಡುಬೆಕ್ಕಿನ ಜೊತೆ ಜಗಳವಾಡಿರಬೇಕು ಅಂದುಕೊಂಡೆವು. ಹಕ್ಕಳೆ ಕಟ್ಟಿತು, ಉದುರಿತು, ಮತ್ತೆ ಕಟ್ಟಿತು. ಗಾಯ ಮಾಯಲೇ ಇಲ್ಲ. ಬುಟ್ಟಿಯಲ್ಲಿ ಕೂರಿಸಿಕೊಂಡು ಜೀಪಿನಲ್ಲಿ ಸಕಲೇಶಪುರಕ್ಕೆ ಒಯ್ದೆ.

ಪಶುವೈದ್ಯೆ ಕಿವಿಯನ್ನು ಬೆಳಕಿಗೆ ಹಿಡಿದು ನೋಡಿದರು. “ಜಗಳದ ಗಾಯ ಅಲ್ಲ, ಬಿಸಿಲಿಗೆ ಸುಟ್ಟಿರೋದು. ಬಿಳಿ ಬೆಕ್ಕಿನ ಕಿವೀಲಿ ಕೂದಲು ಕಮ್ಮಿ, ಚರ್ಮಕ್ಕೆ ಬಣ್ಣಾನೂ ಇಲ್ಲ. ಹೀಗೇ ಬಿಟ್ರೆ ಕ್ಯಾನ್ಸರ್ ಆಗಬಹುದು. ಬಿಸಿಲೇರಿದ ಮೇಲೆ ಹೊರಗೆ ಬಿಡಬೇಡಿ. ನೀವು ಹಚ್ಕೊಳ್ಳೋ ಕ್ರೀಮ್ ಹಚ್ಚಬೇಡಿ, ನೆಕ್ಕಿದ್ರೆ ಅದಕ್ಕೆ ವಿಷ ಆಗಬಹುದು.”

ಅತ್ತೆಗೆ ಬೆಕ್ಕೆಂದರೆ ಅಷ್ಟಕ್ಕಷ್ಟೆ. “ಬೆಕ್ಕಿಗೂ ಬಿಸ್ಲು ಆಗಲ್ವಂತಾ!” ಎಂದು ನಕ್ಕರು. ಆದರೆ ಬಾಗಿಲು ಮುಚ್ಚಿಟ್ಟಾಗ ಬೆಕ್ಕು ಕಿಟಕಿಯ ಬಳಿ ಕೂತು ದಿನವಿಡೀ ಕೂಗಿತು. ಆ ಕೂಗು ತಡೆಯಲಾರದೆ ಅವರೇ ಕಾಫಿ ಸಸಿಗಳಿಗೆ ಹೊದಿಸಿ ಉಳಿದಿದ್ದ ಹಸಿರು ನೆರಳುಬಲೆಯನ್ನು ಹುಡುಕಿ ತೆಗೆದರು. ಮಗನಿಗೆ, ಅಂದರೆ ನನ್ನ ಗಂಡನಿಗೆ ಹೇಳಿ, ಕಣದ ಅಂಚಿನಲ್ಲಿ ಗಳ ನೆಡಿಸಿ ಎರಡು ಪದರ ಕಟ್ಟಿಸಿದರು.

ಬೆಕ್ಕು ಅದರ ಕೆಳಗೆ ಒಂದು ಗಳಿಗೆ ಕೂತು, ಎದ್ದು ಬಿಸಿಲಿಗೇ ಹೊರಟಿತು. ಅತ್ತೆ ಅದನ್ನು ಎತ್ತಿಕೊಂಡು, ಕುರ್ಚಿ ಹಾಕಿಸಿ, ತೊಡೆಯ ಮೇಲೆ ಮಲಗಿಸಿಕೊಂಡರು. “ಸುಮ್ನೆ ಬಿದ್ಕೊಳೇ. ಕಿವಿ ಹೆಂಗಾಗ್ಬುಟ್ಟೈತೆ ನೋಡು.”

ನಾನು ಮದುವೆಯಾಗಿ ಬಂದಾಗಿನಿಂದ ಅವರು ಹಗಲು ಹೊತ್ತು ಸುಮ್ಮನೆ ಕೂತದ್ದನ್ನು ನೋಡಿರಲಿಲ್ಲ. ಕೂತರೂ ಕೈಯಲ್ಲಿ ಮೊರ ಇರುತ್ತಿತ್ತು. ಈಗ ತೊಡೆ ಅಲ್ಲಾಡಿದರೆ ಬೆಕ್ಕು ಎದ್ದು ಹೋಗುತ್ತದೆ. ಹಾಗಾಗಿ ದಿನಾ ಮಧ್ಯಾಹ್ನ ಕೂತರು, ಸಂಜೆವರೆಗೂ ಕೂತರು. ಬಲೆಯೊಳಗಿಂದ ಸೋಸಿ ಬಂದ ಬೆಳಕಿನಲ್ಲಿ ಅವರ ನರೆಗೂದಲೂ ಬೆಕ್ಕಿನ ಮೈಯೂ ಒಂದೇ ತೆಳು ಹಸಿರಾಗಿ ಕಾಣುತ್ತಿದ್ದವು.

ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬಿದ್ದು ತೋಟವೆಲ್ಲ ಬಿಳಿಯಾದಾಗ ನಾನೂ ಅಲ್ಲಿ ಚಾಪೆ ಹಾಸಿದೆ. ಕಾಫಿ ಹೂವಿನ ಘಮ, ಜೇನ್ನೊಣಗಳ ಗುಂಯ್‌ಗುಡುವಿಕೆ; ಮಾತೂ ನಿಧಾನವಾಯಿತು. ಅತ್ತೆ ಆಲೂರು ಕಡೆಯ ತಮ್ಮ ತವರಿನ ಕೆರೆಯ ಬಗ್ಗೆ ಹೇಳಿದರು.

“ಅಂಗಾತ ತೇಲ್ಕೊಂಡು ಮೋಡ ನೋಡ್ತಿದ್ದೆ ಕಣೇ. ಇಲ್ಲಿಗೆ ಬಂದ್ಮೇಲೆ ನೀರಿಗೆ ಇಳೀಲೇ ಇಲ್ಲ.”

ಅವರಿಗೆ ಈಜು ಬರುತ್ತದೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೇಳುತ್ತಲೇ ಕಣ್ಣು ಮುಚ್ಚಿದರು. ಬೆಕ್ಕಿನ ಉಸಿರೂ ಅವರ ಉಸಿರೂ ಜೊತೆಯಾಗಿ ಏರಿ ಇಳಿಯುತ್ತಿದ್ದವು.

ಒಂದು ಕಿವಿ ಮಾಯಿತು. ಇನ್ನೊಂದರ ತುದಿಯನ್ನು ವೈದ್ಯೆ ಕತ್ತರಿಸಬೇಕಾಯಿತು. ಕೆಟ್ಟದ್ದೇನೂ ಹರಡಿಲ್ಲ ಎಂದರು. ಮುಂಗಾರಿಗೆ ಮುಂಚೆ ನನ್ನ ಗಂಡ ಬಲೆ ಬಿಚ್ಚಲು ಹೋದಾಗ ಅತ್ತೆ ತಡೆದರು.

“ಇರ್ಲಿ ಬುಡೋ. ಬೆಕ್ಕು ಎಲ್ ಕೂತ್ಕೊಬೇಕು?”

ಬೆಕ್ಕು ಆಗ ಅಡುಗೆಮನೆಯ ಒಲೆಯ ಪಕ್ಕ ಮಲಗಿತ್ತು. ಅತ್ತೆ ಬಲೆಯ ಕೆಳಗೆ ಕುರ್ಚಿಯನ್ನು ಸರಿಮಾಡಿಕೊಂಡು ಕೂತರು.