ಒಳಮನೆ ಇಲ್ಲದ ಕ್ಲಬ್ಬು

ಆಗಷ್ಟೇ ಕತ್ತರಿಸಿದ ಹುಲ್ಲಿನ ವಾಸನೆ ಬಹಳ ಜನಕ್ಕೆ ಇಷ್ಟವಂತೆ. ನನಗೆ ಅದು ಮೂಗಿಗೆ ಬಡಿದರೆ ಊಟ ಸೇರುವುದಿಲ್ಲ. ಮೊನ್ನೆ ರಾಣೇಬೆನ್ನೂರಿಗೆ ಪರಿಚಯದವರ ಮದುವೆಗೆ ಹೋಗಿದ್ದೆ. ಕಲ್ಯಾಣಮಂಟಪದ ಮುಂದೆ ಎರಡು ಜಮಖಾನೆ ಅಗಲದ ಹುಲ್ಲು ಬೆಳೆಸಿ, ಅದಕ್ಕೆ ಲಾನ್ ಎಂದು ಹೆಸರಿಟ್ಟು, ಬಾಡಿಗೆಯಲ್ಲಿ ಅದನ್ನೂ ಸೇರಿಸುತ್ತಾರೆ. ಬೆಳಿಗ್ಗೆಯೇ ಯಂತ್ರ ಓಡಿಸಿದ್ದರೆಂದು ಕಾಣುತ್ತದೆ. ಆ ಹಸಿ ವಾಸನೆ ಶಿರಾದ ತುಪ್ಪದ ಘಮವನ್ನೂ ದಾಟಿಕೊಂಡು ಬಂತು. ಪ್ಲೇಟು ಹಿಡಿದವನು ಹಾಗೇ ಒಂದು ಕುರ್ಚಿ ಹುಡುಕಿ ಕುಳಿತೆ.

ನಿಮ್ಮೆದುರು ಹೇಳುವುದಕ್ಕೇನು, ನಾನು ಒಂದು ಕಾಲಕ್ಕೆ ಗಾಲ್ಫ್ ಕ್ಲಬ್ಬಿಗೆ ಅತಿಥಿಯಾಗಿ ಹೋಗಿ ಬಂದವನು. ಬ್ಯಾಡಗಿಯ ನಮ್ಮ ಓಣಿಯಲ್ಲಿ ಹೀಗೆ ಜಂಬ ಕೊಚ್ಚಬಲ್ಲವನು ನಾನೊಬ್ಬನೇ. ಆದರೂ ಇಲ್ಲಿಯವರೆಗೆ ಕೊಚ್ಚಿಲ್ಲ.

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ನನ್ನ ಅಕ್ಕನ ಮಗಳು ವಿದ್ಯಾಳಿಗೆ ರಾಣೇಬೆನ್ನೂರಿನ ಬೀಜದ ವ್ಯಾಪಾರಿಗಳೊಬ್ಬರ ಮನೆಯಿಂದ ಸಂಬಂಧ ಕೇಳಿ ಬಂದಿತ್ತು. ಭಾವ ತೀರಿಕೊಂಡು ಆಗಲೇ ಬಹಳ ವರ್ಷವಾಗಿತ್ತು. ಅಕ್ಕ ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತ ಮಗಳನ್ನು ಒಬ್ಬಳೇ ಓದಿಸಿ, ತನ್ನಂತೆಯೇ ಮಾಸ್ತರಿಕೆಗೆ ಹಚ್ಚಿದ್ದಳು. ಅಕ್ಕನ ಮನೆ ಮೆಣಸಿನಕಾಯಿ ಮಾರ್ಕೆಟ್ಟಿನ ಹಿಂದೆ. ಸೀಸನ್ನಿನಲ್ಲಿ ಅಲ್ಲಿಗೆ ಕನ್ಯೆ ನೋಡಲು ಬಂದವರು ಸೀನುತ್ತಲೇ ಹೆಸರು ಕೇಳಬೇಕು, ಸೀನುತ್ತಲೇ ಅವಲಕ್ಕಿ ತಿನ್ನಬೇಕು. ಇದನ್ನೇ ಯೋಚಿಸುತ್ತಿದ್ದಾಗ ಹುಡುಗನ ತಂದೆಯೇ ನನಗೆ ಫೋನ್ ಮಾಡಿದರು.

"ನಾವು ಮನಿಗೆ ಬಂದ್ರ ಓಣಿ ಮಂದಿ ಬಾಗಲದಾಗ ನಿಂತ ನೋಡ್ತಾರ. ನಾಳೆ ಕೂಡಿ ಬರಲಿಲ್ಲಂದ್ರ ಹುಡುಗಿ ಹೆಸರಿಗೆ ಯಾಕ ಮಾತು? ನೀವ ನಮ್ಮ ಕ್ಲಬ್ಬಿಗೆ ಬರ್ರಿ, ನಮ್ಮ ಗೆಸ್ಟ್ ಅಂತ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಈಗಲೂ ಆ ಮನುಷ್ಯನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಮಾಡಲು ಯಾರಾದರೂ ಒಬ್ಬರು ಕೆಟ್ಟವರು ಸಿಕ್ಕಿದ್ದರೆ ನನಗೂ ಎಷ್ಟೋ ಹಗುರಾಗುತ್ತಿತ್ತು.

ಕ್ಲಬ್ಬು ರಾಣೇಬೆನ್ನೂರಿನಾಚೆ, ಹೊಳೆಯ ಕಡೆಗೆ. ನಾಲ್ಕಾರು ಸಿರಿವಂತರು ಕೂಡಿ ತಮಗಾಗಿ ಮಾಡಿಕೊಂಡದ್ದು. ಸುತ್ತಲಿನ ಹೊಲಗಳೆಲ್ಲ ಒಣಗಿ ಕಂದು ಬಣ್ಣಕ್ಕೆ ತಿರುಗಿದ್ದಾಗಲೂ ಅದೊಂದು ಮಾತ್ರ ಹಸಿರು, ತುಂಬ ಆಗಷ್ಟೇ ಕತ್ತರಿಸಿದ ಹುಲ್ಲಿನ ವಾಸನೆ. ಗೇಟಿನಲ್ಲಿ ನಮ್ಮ ಹೆಸರು ಬರೆದುಕೊಂಡು, ಅಕ್ಕ, ವಿದ್ಯಾ, ನಾನು ಮೂವರ ಕೊರಳಿಗೂ 'ಅತಿಥಿ' ಎಂಬ ಚೀಟಿ ತೂಗುಹಾಕಿದರು. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲವೆಂದು, ಅಕ್ಕ ನಸುಕಿನಲ್ಲೆದ್ದು ಮಾಡಿದ ಬೇಸನ್ ಉಂಡಿಯ ಡಬ್ಬಿ ಬಾಡಿಗೆ ಕಾರಿನಲ್ಲೇ ಉಳಿಯಿತು. ಆಮೇಲೆ ಕಾವಲಿನವನ ಕಣ್ಣು ನನ್ನ ಜುಬ್ಬಾದ ಮೇಲೆ ಬಿತ್ತು. ಕಾಲರ್ ಇಲ್ಲದ ಅಂಗಿಗೆ ಅಲ್ಲಿ ಪ್ರವೇಶವಿಲ್ಲ. ನನ್ನಂಥವರಿಗೆಂದೇ ಇಟ್ಟಿದ್ದ ಒಂದು ಹಸಿರು ಟೀ ಶರ್ಟು ಕೊಟ್ಟರು. ಕೆಳಗೆ ಇಸ್ತ್ರಿ ಮಾಡಿದ ಧೋತರ, ಮೇಲೆ ಹೊಟ್ಟೆಗೆ ಬಿಗಿದ ಟೀ ಶರ್ಟು. ವಿದ್ಯಾ ಸೆರಗು ಬಾಯಿಗೆ ಒತ್ತಿಕೊಂಡು, "ಮಾಮಾ, ಗಿಳಿ ಕಂಡಂಗ ಕಾಣ್ತಿ" ಎಂದಳು. ಅಷ್ಟರಿಂದಲಾದರೂ ಅವಳ ಎದೆಬಡಿತ ಕಡಿಮೆಯಾಯಿತಲ್ಲ ಎಂದುಕೊಂಡೆ.

ಒಳಗೆ ಗೋಡೆಗಳೆಲ್ಲ ಗಾಜಿನವು. ಕುಳಿತಲ್ಲಿಂದ ಎಲ್ಲ ಕಾಣುತ್ತದೆ, ಕುಳಿತವರೂ ಎಲ್ಲರಿಗೂ ಕಾಣುತ್ತಾರೆ. ಹುಡುಗಿ ತಾಟು ತಂದುಕೊಡುವ ಶಾಸ್ತ್ರವಿರಲಿಲ್ಲ, ಬಿಳಿ ಕೈಗವಸಿನ ಮಾಣಿಯೊಬ್ಬ ತಂದಿಟ್ಟ. ಹುಡುಗನ ತಂದೆ ನನ್ನ ಕೈಗೊಂದು ಕೋಲು ಕೊಟ್ಟು ಹೊಡೆಯಿರಿ ಎಂದರು. ಚೆಂಡು ಇದ್ದಲ್ಲೇ ಇತ್ತು, ಹುಲ್ಲಿನ ಒಂದು ಹೆಂಟೆ ಹಾರಿ ಹೋಗಿ ಬಿತ್ತು. ಹುಡುಗನ ಹೆಸರು ಮಹಾಂತೇಶ. ನಗದೆ ಹೋಗಿ ಆ ಹೆಂಟೆಯನ್ನು ತಂದು, ಇದ್ದ ಜಾಗಕ್ಕೆ ಇಟ್ಟು ಕಾಲಿಂದ ಮೆಲ್ಲಗೆ ಒತ್ತಿದ. ಆ ಕ್ಷಣಕ್ಕೆ ನನಗೆ ಅವನು ಮನಸ್ಸಿಗೆ ಬಂದ.

ವಿದ್ಯಾಳಿಗೂ ಬಂದಿದ್ದ. ಇಬ್ಬರೂ ಹುಲ್ಲಿನ ಅಂಚಿನಲ್ಲಿ ಅಷ್ಟು ದೂರ ಹೋಗಿ ತಿರುಗಿ ಬಂದರು. ಬರುವಾಗ ಅವಳ ಮುಖ ನೋಡಿದ ಅಕ್ಕ, ಮೇಜಿನ ಕೆಳಗೆ ನನ್ನ ಕೈ ಹಿಡಿದು ಒತ್ತಿದಳು.

ಹೊರಡುವ ಹೊತ್ತಾಯಿತು. ನಮ್ಮ ಕಡೆ ರೂಢಿ ನಿಮಗೆ ಗೊತ್ತು. ಹುಡುಗಿ ಮನಸ್ಸಿಗೆ ಬಂದರೆ ಗಂಡಿನ ತಾಯಿ ಅವಳ ಹಣೆಗೆ ಕುಂಕುಮ ಹಚ್ಚಿ, ಉಡಿಯಲ್ಲಿ ಖಣ ಹಾಕಿ ಕಳಿಸುತ್ತಾಳೆ. ಬಾಯಿಬಿಟ್ಟು ಹೇಳುವ ಹೂಂ ಉಹೂಂ ಎಲ್ಲ ಆಮೇಲಿನದು. ಮಹಾಂತೇಶನ ತಾಯಿ ಶಾಂತಕ್ಕ ಕಾರಿನವರೆಗೂ ಬಂದರು. ಅಕ್ಕ ಸುಮ್ಮನೆ ಚಪ್ಪಲಿಯ ಪಟ್ಟಿ ಸರಿಮಾಡುತ್ತ, ಬೇಕಂತಲೇ ತಡಮಾಡುತ್ತ ನಿಂತಳು. ಶಾಂತಕ್ಕ ವಿದ್ಯಾಳ ಕೈ ಹಿಡಿದರು, ಅಕ್ಕನ ಮುಖ ನೋಡಿದರು, ಕೈ ಬಿಟ್ಟರು. "ಹೋಗಿ ಬರ್ರಿ" ಎಂದರು.

ತಿರುಗಿ ಬರುವಾಗ ಮೋಟೆಬೆನ್ನೂರಿನ ಹತ್ತಿರ ಅಕ್ಕ ಕಾರಿನ ಗಾಜು ಇಳಿಸಿದಳು. ಆಮೇಲೆ, "ಒಂದ ಬೊಟ್ಟ ಕುಂಕುಮ ಹಚ್ಚಲಿಲ್ಲ ನನ್ನ ಮಗಳಿಗೆ" ಎಂದಳು. ಮರುದಿನ ಬೆಳಿಗ್ಗೆ ತಾನೇ ಫೋನೆತ್ತಿ, ಈ ಸಂಬಂಧ ನಮಗೆ ಬೇಡವೆಂದುಬಿಟ್ಟಳು. ಎರಡು ದಿನ ತಡಿ ಅಕ್ಕ ಎಂದೆ. "ಅವರ ಬಾಯಿಲೆ ಬ್ಯಾಡ ಅನ್ನಿಸ್ಕೊಳ್ಳೂತನಕ ಕುಂದ್ರಲೇನು?" ಎಂದಳು. ವಿದ್ಯಾ ಚೀಲ ಹೆಗಲಿಗೇರಿಸಿಕೊಂಡು ಶಾಲೆಗೆ ಹೋದಳು. ಆಮೇಲೆ ಬಂದ ಯಾವ ಸಂಬಂಧಕ್ಕೂ ಅವಳು ಒಪ್ಪಲಿಲ್ಲ. ಮಹಾಂತೇಶನ ಮದುವೆ ಬೇರೆ ಕಡೆ ಆಯಿತೆಂದು ಕೇಳಿದೆವು.

ಮೊನ್ನೆ ಮದುವೆಯಲ್ಲಿ ನಾನು ಕುಳಿತ ಸಾಲಿಗೆ ಒಬ್ಬ ಹುಡುಗಿ ಕುಂಕುಮದ ತಾಟು ಹಿಡಿದು ಬಂದಳು. ಹೆಂಗಸರಿಗೆಲ್ಲ ಕೊಡುತ್ತ ಬಂದವಳು ನನ್ನ ಪಕ್ಕದ ಮುದುಕಿಯ ಹಣೆ ನೋಡಿ, ಅರೆಗಳಿಗೆ ತಡೆದು, ದಾಟಿ ಹೋದಳು. ಆ ಮುದುಕಿ ನನ್ನ ಕಡೆ ತಿರುಗಿದರು. ಶಾಂತಕ್ಕ.

"ನೀವು ವಿದ್ಯಾನ ಮಾಮಾ ಅಲ್ಲೇನ್ರಿ?"

ಹೌದೆಂದೆ. ಅವರ ಯಜಮಾನರು ಹೋಗಿ ಎರಡು ವರ್ಷವಾಯಿತಂತೆ.

"ಅವತ್ತ ನನ್ನ ಪರ್ಸಿನ್ಯಾಗ ಕುಂಕುಮ ಇತ್ತರಿ. ಖಣಾನೂ ತಂದಿದ್ದೆ. ಮನಿ ಆಗಿದ್ರ ಹುಡುಗಿನ್ನ ಒಳಗ ಕರಕೊಂಡ ಹೋಗಿ ಹಚ್ಚತಿದ್ದೆ. ಅಲ್ಲಿ ಒಳಗ ಅನ್ನೂದ ಎಲ್ಲಿತ್ತು? ಎಲ್ಲಾ ಬಯಲ, ಎಲ್ಲಾ ಗಾಜಿನ ಗ್ವಾಡಿ. ನಿಮ್ಮ ಅಕ್ಕಾರು ಬಾಜೂಕ ನಿಂತಿದ್ರು. ಅವರ ಕಣ್ಣೆದುರಿಗೆ ಮಗಳಿಗೆ ಹಚ್ಚಿ ಅವರನ್ನ ಬಿಡಾಕ ನನ್ನ ಕೈ ಏಳಲಿಲ್ಲರಿ. ಎಂಟ ದಿನಕ್ಕ ಮನಿಗೇ ಹೋಗಿ ಹಚ್ಚಿದ್ರಾತು ಅಂದ್ಕೊಂಡೆ. ಬೆಳಗಾದ್ರ ಫೋನ್ ಬಂತು."

ಶಿರಾ ಆರಿ ಪ್ಲೇಟಿಗೆ ಅಂಟಿಕೊಂಡಿತ್ತು.

"ಈಗ ನನ್ನೂ ಹಿಂಗ ದಾಟಿ ಹೋಗ್ತಾರಲ್ಲರಿ. ಆವಾಗ ಅವರ ಮಾರಿ ನೆನಪಾಗತೈತಿ" ಎಂದು ಶಾಂತಕ್ಕ ಎದ್ದು ಹೋದರು.

ಬಸ್ಸಿಳಿದವನು ನೆಟ್ಟಗೆ ಅಕ್ಕನ ಮನೆಗೆ ಹೋದೆ. ಅಕ್ಕ ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಪಡಸಾಲೆಯಲ್ಲಿ ಕುಳಿತಿದ್ದಳು. ಈಗ ಅಗಡಿಯ ಶಾಲೆಯಲ್ಲಿ ಹೆಡ್ ಮೇಡಂ ಆಗಿರುವ ವಿದ್ಯಾ ಒಳಗೆ ಚಹಾ ಸೋಸುತ್ತಿದ್ದಳು. ಅಡಿಗೆಮನೆಯಲ್ಲಿ ದನಿ ತಗ್ಗಿಸಿ ಅವಳಿಗೆ ಎಲ್ಲ ಹೇಳಿದೆ. ಅವಳು ಸೋಸುವುದನ್ನು ನಿಲ್ಲಿಸಲಿಲ್ಲ.

"ಗೊತ್ತೈತಿ ಮಾಮಾ. ಆ ವಾರನ ಮಹಾಂತೇಶ ಅವರು ಸಾಲಿಗೆ ಫೋನ್ ಮಾಡಿದ್ರು. ನಮ್ಮವ್ವ ಅಳಾಕತ್ತಾಳ, ಬಂದ ಎಲ್ಲಾ ತಿಳಿಸಿ ಹೇಳ್ತೀವಿ ಅಂದ್ರು. ನಾನ ಬರಬ್ಯಾಡ್ರಿ ಅಂದೆ."

"ಯಾಕವಾ?"

"ಬಂದ ನಮ್ಮವ್ವನ ಮುಂದ ಏನ ಹೇಳ್ತಿದ್ರು? ನಿಮ್ಮ ಬರೇ ಹಣಿ ನೋಡಿ ಕೈ ಹಿಂದ ತಗೊಂಡ್ವಿ ಅಂತನ ಹೇಳ್ಬೇಕಲ್ಲ. ತನ್ನಿಂದ ಹಿಂಗಾತು ಅಂತ ಅವ್ವ ಸಾಯೂತನಕ ಕೊರಗತಿದ್ಲು. ಈಗ ಅವರ ಮ್ಯಾಲೆ ಸಿಟ್ಟೈತಿ. ಸಿಟ್ಟಿನ್ಯಾಗ ಆರಾಮ ಅದಾಳ."

"ಮತ್ತ ನೀನು?"

ಅವಳು ಎರಡು ಕಪ್ಪು ನನ್ನ ಕೈಗಿತ್ತು, ಸೋಸಣಿಗೆಯನ್ನು ನಲ್ಲಿಯ ಕೆಳಗೆ ಹಿಡಿದು, ತೊಳೆದದ್ದನ್ನೇ ಮತ್ತೆ ತೊಳೆಯತೊಡಗಿದಳು. ನಾನು ಹೊರಗೆ ಬಂದು ಅಕ್ಕನ ಮುಂದೆ ಚಹಾ ಇಟ್ಟೆ.

"ಮದುವ್ಯಾಗ ಗುರುತಿನವರು ಯಾರರ ಸಿಕ್ಕಿದ್ರೇನೋ?" ಎಂದು ಅಕ್ಕ ಕೇಳಿದಳು.

ಒಳಗೆ ನಲ್ಲಿಯ ನೀರು ನಿಂತಿತು.

"ಯಾರೂ ಇಲ್ಲಕ್ಕಾ" ಎಂದೆ.