ಮಣೂಕದ ನೆರಳಲ್ಲಿ ಮೆತ್ತಗಾದ ಎಲುಬು

ತಪ್ಪು ಹಲವರದು, ಮುರಿದದ್ದು ನಮ್ಮಕ್ಕನ ತೊಡೆಯ ಎಲುಬು.

ಕಳ್ಳಕವಟಗಿಯಿಂದ ತಿಕೋಟಾಕ್ಕೆ ಹೋಗುವ ದಾರಿಯ ಶೆಡ್ಡೊಂದರಲ್ಲಿ ಅವಳು ಹನ್ನೊಂದು ವರ್ಷ ಮಣೂಕ, ಅಂದರೆ ಒಣದ್ರಾಕ್ಷಿ, ಆರಿಸಿದಳು. ದ್ರಾಕ್ಷಿ ನೆರಳಿನಲ್ಲೇ ಒಣಗಬೇಕು. ನೇರ ಬಿಸಿಲು ತಾಗಿದರೆ ಹಸಿರು ಹೋಗಿ ಕಪ್ಪಾಗುತ್ತದೆ. ಅದಕ್ಕೆ ಸುತ್ತಲೂ ಪರದೆ, ಆರಿಸುವ ಕೋಣೆಗೆ ಮುಚ್ಚಿದ ಕಿಟಕಿ. ಹೆಂಗಸರು ನಸುಕಿನಲ್ಲಿ ಟಂಟಂ ಆಟೋ ಇಳಿದು ಒಳಹೊಕ್ಕರೆ ಹೊತ್ತು ಮುಳುಗಿದ ಮೇಲೆಯೇ ಹೊರಗೆ. ಊಟವೂ ಒಳಗೇ. ಹಣ್ಣಿನ ನಿಯಮವನ್ನು ಮನುಷ್ಯರಿಗೂ ಹಚ್ಚಿದ್ದರು.

“ಹೊರಗ ಕುಂತು ಉಣ್ಣತೇವ್ರಿ,” ಎಂದು ಅಕ್ಕ ಒಮ್ಮೆ ಕೇಳಿದ್ದಳಂತೆ. ಮೇಸ್ತ್ರಿ ಒಪ್ಪಲಿಲ್ಲ: “ಧೂಳ ತುಳಕೊಂಡು ಒಳಗ ಬರತೀರಿ. ಮಾಲ ಕೆಡತೈತಿ.”

ನಾನು ಅಲ್ಲಿಗೆ ಹೋದ ದಿನ ಅಕ್ಕನ ಗೆಳತಿ ಚೇಷ್ಟೆ ಮಾಡಿದಳು: “ನೋಡ ಬೇ, ಶೆಡ್ಡಿಗಿ ಬಂದು ನಿಮ್ಮಕ್ಕ ಹೆಂಗ ಬೆಳ್ಳಗಾಗ್ಯಾಳ! ಹೊಲದಾಗಿದ್ರ ಸುಟ್ಟ ಬದನಿಕಾಯಿ ಆಗತಿದ್ಲು.” ಎಲ್ಲರೊಡನೆ ನಾನೂ ನಕ್ಕೆ. ಊರೂರು ತಿರುಗಿ ಮಹಿಳೆಯರ ಆರೋಗ್ಯದ ಕುರಿತು ಭಾಷಣ ಮಾಡುತ್ತಿದ್ದ ನಾನು! ಆ ನಗುವೂ ತಪ್ಪುಗಳ ಪಟ್ಟಿಯಲ್ಲಿದೆ.

ಆಮೇಲೆ ಅವಳಿಗೆ ನೆಲದಿಂದ ಏಳಲು ಗೋಡೆಯ ಆಸರೆ ಬೇಕಾಯಿತು. ಬಸ್ಸಿನ ಮೆಟ್ಟಿಲಿಗೆ ಕಾಲನ್ನು ಕೈಯಿಂದ ಎತ್ತಿಡುತ್ತಿದ್ದಳು. ಅವಳ ಅತ್ತೆ ಹಂಗಿಸಿದಳು: “ಉಂಡ ಮ್ಯಾಲೇ ಸುರು ಆಗತೈತಿ ಇಕಿ ನೋವು.” ಬಬಲೇಶ್ವರದ ವೈದ್ಯರೊಬ್ಬರು ಹೋದಾಗಲೆಲ್ಲ ನೋವಿನ ಸೂಜಿ ಚುಚ್ಚಿದರು, ಒಮ್ಮೆಯೂ ರಕ್ತ ಪರೀಕ್ಷಿಸಲಿಲ್ಲ.

ಕಳೆದ ಬೇಸಿಗೆ ಅಕ್ಕ ಮಣೂಕದ ಟ್ರೇ ಎತ್ತಿ ತಿರುಗಿದಳು, ಅಷ್ಟೇ. ಬೀಳಲಿಲ್ಲ, ಎಡವಲಿಲ್ಲ. ಎಲುಬು ಮುರಿಯಿತು.

ವಿಜಯಪುರದ ಆಸ್ಪತ್ರೆಯಲ್ಲಿ ಡಾಕ್ಟರು ವರದಿ ನೋಡಿ ನನ್ನತ್ತ ತಿರುಗಿದರು: “ಇವರನ್ನ ಎಲ್ಲಿ ಇಟ್ಟಿದ್ರಿ? ಮೈಯಾಗ ವಿಟಮಿನ್ ಡಿ ಇಲ್ಲೇ ಇಲ್ಲ ಅನ್ನೂವಷ್ಟು ಕಡಿಮಿ. ಎಲುಬು ಮೆತ್ತಗಾಗ್ಯಾವ.” ಹೊರಗೆ ಬಿಸಿಲು ರಸ್ತೆಯ ಡಾಂಬರು ಕರಗಿಸುತ್ತಿತ್ತು.

ಅಕ್ಕ ಈಗ ಕೋಲು ಹಿಡಿದಿದ್ದಾಳೆ. ಶೆಡ್ಡಿನಲ್ಲಿ ಅವಳ ಜಾಗಕ್ಕೆ ಹತ್ತೊಂಬತ್ತರ ಮಗಳು ಹೋಗುತ್ತಾಳೆ. ಮೊನ್ನೆ ಹುಡುಗಿ ಮೊಳಕಾಲ ಕೆಳಗೆ ತಿಕ್ಕಿಕೊಳ್ಳುತ್ತಿದ್ದಳು.

“ಏನಾತ ಬೇ?”

“ಏನಿಲ್ಲ ಚಿಗವ್ವ. ಒತ್ತಿದ್ರ ಎಲುಬು ನೋಯತಾವ.”

ಅಕ್ಕ ಮಗಳ ಕಾಲನ್ನೇ ನೋಡುತ್ತ ಕುಳಿತಳು.

ಶೆಡ್ಡಿನ ಮಾಲೀಕರೇ, ಪ್ರತಿ ಮಧ್ಯಾಹ್ನ ಕೂಲಿ ಕಡಿಯದೆ ಅರ್ಧ ಗಂಟೆ ಈ ಹೆಂಗಸರನ್ನು ಬಿಸಿಲಿಗೆ ಬಿಡಿ. ತಾಲೂಕಿನ ಆರೋಗ್ಯಾಧಿಕಾರಿಗಳೇ, ಈ ತಿಂಗಳೊಳಗೆ ತಿಕೋಟಾದಲ್ಲಿಯೇ ಅವರೆಲ್ಲರ ರಕ್ತ ಪರೀಕ್ಷಿಸಿ, ಕೊರತೆಯಿದ್ದವರಿಗೆ ಔಷಧ ಕೊಡಿ. ಮೊದಲು ನಮ್ಮಕ್ಕನ ಮಗಳನ್ನು ಕರೆಯಿರಿ.